ಬಿಳಿ ಸಾಲಿಗೆ ಅರಿಸಿನ

ಐವತ್ತರ ಹತ್ತಿರದ ಹೆಂಗಸು ಸಮುರಾಯ್ ಯೋಧರ ಕವಚ ಕಟ್ಟಲು ಕಲಿಯುತ್ತಾಳೆ ಎಂದರೆ ಎಡಿಸನ್ ಊರಿನ ನಮ್ಮ ಕನ್ನಡದ ಆಂಟಿಯರಿಗೆಲ್ಲ ನಗು. ಅವರು ನಕ್ಕರೆ ನನ್ನ ಗಂಟೇನು ಹೋಗುತ್ತದೆ? ಪ್ರತಿ ಶನಿವಾರ ಸೀಕಾಕಸ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಅಲ್ಲಿನ ಹಳೆಯ ಗೋದಾಮೊಂದರಲ್ಲಿ ಜಪಾನಿನ ಮೇಷ್ಟ್ರೊಬ್ಬರು ಕಲಿಸುತ್ತಿದ್ದರು.

ಕವಚ ಎಂದರೆ ಒಂದು ದೊಡ್ಡ ತಗಡು ಎಂದುಕೊಂಡು ಹೋದವಳು ನಾನು. ಅಲ್ಲಿದ್ದದ್ದು ಬೆರಳಗಲದ ನೂರಾರು ಬಿಲ್ಲೆಗಳು. ಕೆಲವು ಕಬ್ಬಿಣದವು, ಕೆಲವು ದನದ ಗಟ್ಟಿ ಚರ್ಮದವು. ಒಂದರ ಅರ್ಧದ ಮೇಲೆ ಇನ್ನೊಂದು ಕೂರುವಂತೆ ಜೋಡಿಸಿ ಪಟ್ಟಿ ಮಾಡಬೇಕು. ತುಕ್ಕು, ತೇವ ತಾಗದಂತೆ ಮರದ ಅಂಟಿನಿಂದ ಮಾಡಿದ ಮೆರುಗೆಣ್ಣೆಯನ್ನು ಪದರ ಪದರವಾಗಿ ಬಳಿಯಬೇಕು. ಆಮೇಲೆ ಆ ಪಟ್ಟಿಗಳನ್ನು ಒಂದರ ಕೆಳಗೊಂದು ರೇಷ್ಮೆಯ ಚಪ್ಪಟೆ ದಾರದಿಂದ ಹೆಣೆಯಬೇಕು. ಸೀರೆಗೆ ಕುಚ್ಚು ಕಟ್ಟಿ ಪಳಗಿದ ನನ್ನ ಬೆರಳಿಗೆ ಅದು ಬೇಗ ಒಲಿಯಿತು. ಭುಜದ ತುಂಡೊಂದನ್ನು ಬಿಳಿ ದಾರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಟ್ಟಿದವರಿಗೆ, ರಿಪೇರಿಗೆ ಬಂದಿದ್ದ ನಿಜವಾದ ಹಳೆಯ ಕವಚದ ಮೇಲೆ ಕೆಲಸ ಮಾಡುವ ಅವಕಾಶ. ಅದು ನನಗೇ ಸಿಗಬೇಕೆಂದು ಜೀವ ಬಿಡುತ್ತಿದ್ದೆ.

ಬಿಲ್ಲೆಗಳ ಚೀಲ ನೋಡಿ ಅತ್ತೆ ಬಾಗಿಲಲ್ಲೇ ತಡೆದರು.

“ದನದ ಚರ್ಮ ತಾನೇ ಅದು? ಒಳಗೆ ತರ್ಬೇಡ.”

“ಮೃದಂಗಕ್ಕೇನು ಪ್ಲಾಸ್ಟಿಕ್ ಹಾಕಿರ್ತಾರಾ, ಅತ್ತೆ?”

“ಅದು ಸಂಗೀತ ಕಣೇ. ನಿಂದು ಹೊಡೆದಾಟ.”

ಹಾಗಾಗಿ ಬೇಸಿಗೆಯೆಲ್ಲ ಗರಾಜಿನಲ್ಲಿ ಕೂತು ಹೆಣೆದೆ.

ಆಯುಧಪೂಜೆಯ ದಿನ ಕಾರಿಗೆ ಪೂಜೆ ಮಾಡಲು ಅತ್ತೆ ಗರಾಜಿಗೆ ಬಂದರು. ನಾನು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಎದ್ದು ನೋಡುವಷ್ಟರಲ್ಲಿ, ನನ್ನ ಬಿಳಿ ಸಾಲಿನ ಮೇಲೆ ಒದ್ದೆ ಅರಿಸಿನದ ಮೂರು ಬೆರಳು ಎಳೆದಾಗಿತ್ತು.

“ಯುದ್ಧದ ಸಾಮಾನು ಅಂದ್ಮೇಲೆ ಇದಕ್ಕೂ ಪೂಜೆ ಆಗ್ಬೇಕಲ್ವಾ,” ಎಂದು ಹೂವಿಟ್ಟು ಕೈ ಮುಗಿದರು.

ರೇಷ್ಮೆಗೆ ಹತ್ತಿದ ಅರಿಸಿನ ಹೋಗುವುದುಂಟೇ? ಕೂಗಾಡಲು ಬಾಯಿ ತೆರೆದವಳು ಅವರ ಮುಚ್ಚಿದ ಕಣ್ಣು ನೋಡಿ ಇನ್ನೊಂದು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆ. ಮದುವೆಯಾದಾಗಿನಿಂದ ಅವರು ನನ್ನ ಕೈಕೆಲಸ ಒಂದನ್ನೂ ಮೆಚ್ಚಿದವರಲ್ಲ. ಸಾರಿಗೆ ಉಪ್ಪು ಜಾಸ್ತಿ, ರಂಗೋಲಿ ಸೊಟ್ಟ.

ಆ ವಾರದ ತರಗತಿಯಲ್ಲಿ ಮೇಷ್ಟ್ರು ಹಳದಿ ಗೆರೆಗಳನ್ನು ಬೆಳಕಿಗೆ ಹಿಡಿದರು. ಹೆಣಿಗೆ ಎಲ್ಲರದ್ದಕ್ಕಿಂತ ಬಿಗಿಯಾಗಿದೆ, ಆದರೆ ಬಿಳಿ ಸಾಲು ಬಿಳಿಯಾಗಿಯೇ ಇರಬೇಕು, ಹಳೆಯ ದಾರ ಕತ್ತರಿಸಿ ಹೊಸದು ಹಾಕಿಕೊಂಡು ಬನ್ನಿ ಎಂದರು. ನ್ಯಾಯವಾದ ಮಾತೇ. ನನಗೆ ಎರಡು ಸಂಜೆಯ ಕೆಲಸ.

ಆಗುವುದಿಲ್ಲ ಎಂದೆ. ಅದು ಕೊಳೆಯಲ್ಲ, ನಮ್ಮತ್ತೆ ಮಾಡಿದ ಪೂಜೆ ಎಂದು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಅರ್ಥವಾಯಿತು, ಆದರೂ ಹಳೆಯ ಕವಚಕ್ಕೆ ಬೇರೆಯವರನ್ನು ಕೂರಿಸುತ್ತೇನೆ ಎಂದರು.

ಹಾಗೇ ಮಾಡಿದರು. ಮುಂದಿನ ಶನಿವಾರ ಅದರ ಮುಂದೆ ಕೂತವಳ ಹೆಣಿಗೆ ನನ್ನದಕ್ಕಿಂತ ಸಡಿಲ. ಪಕ್ಕದ ಮೇಜಿನಿಂದ ನೋಡುತ್ತ ನನ್ನ ಹೊಟ್ಟೆ ಉರಿದುಹೋಯಿತು. ಈಗಲೂ ಉರಿಯುತ್ತದೆ. ಉರಿಯಲಿ. ಅತ್ತೆ ಕೈ ಮುಗಿದ ದಾರಕ್ಕೆ ನಾನು ಕತ್ತರಿ ಹಾಕುವವಳಲ್ಲ.