ಬೆಲ್ಲದ ಕಾಫಿ

ಕಾಫಿ ಕೊಯ್ಯುವ ಆ ಹೆಂಗಸು ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ನಮ್ಮ ಲ್ಯಾಬಿಗೆ ಬರುತ್ತಿದ್ದಳು. ಆಕೆಗೆ ಎಚ್‌ಐವಿ ಇತ್ತು. ಆದರೆ ಆಕೆಯ ರಕ್ತದಲ್ಲಿದ್ದ ಪ್ರತಿಕಾಯಗಳು ಬೇರೆ ರೋಗಿಗಳಿಂದ ತೆಗೆದ ವೈರಸ್ಸನ್ನೂ ಪರೀಕ್ಷೆಯಲ್ಲಿ ತಡೆಯುತ್ತಿದ್ದವು; ಲಸಿಕೆ ಹುಡುಕುವವರಿಗೆ ಆ ರಕ್ತ ಬೇಕಿತ್ತು. ಸೆರಗು ಸರಿಸಿ ತೋಳು ಚಾಚಿ, ಪ್ರತಿ ಸಲವೂ ಒಂದೇ ಮಾತು: "ಯಾರಿಗಾದ್ರೂ ಉಪಯೋಗ ಆಗ್ಲಿ ಸಾರ್."

ಒಮ್ಮೆ ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ತಂದು ನನ್ನ ಲೋಟಕ್ಕೆ ಬಗ್ಗಿಸಿಕೊಟ್ಟಳು. ಒಟ್ಟಿಗೆ ಕೂತು ಉಂಡರೆ, ಕುಡಿದರೆ ಎಚ್‌ಐವಿ ಅಂಟುವುದಿಲ್ಲವೆಂದು ಊರಿಗೆಲ್ಲ ಹೇಳುವವನು ನಾನೇ. ಆಕೆ ಹೋದಳೆಂದುಕೊಂಡು ಅದನ್ನು ಸಿಂಕಿಗೆ ಸುರಿದೆ. ತಿರುಗಿದರೆ, ಮರೆತ ಕೊಡೆಗಾಗಿ ಬಂದವಳು ಬಾಗಿಲಲ್ಲೇ ನಿಂತಿದ್ದಳು. ಕೊಡೆ ತೆಗೆದುಕೊಂಡು ಹೋದಳು.

ಮುಂದಿನ ತಿಂಗಳೂ ಬಂದಳು. ಸೆರಗು ಸರಿಸಿ ತೋಳು ಚಾಚಿದಳು.

"ರಕ್ತ ತಗೊಳ್ಳಿ ಸಾರ್. ಕಾಫಿ ತರ್ಲಿಲ್ಲ."