ಹ್ಯಾಂಡಲ್ ಚೀಲದಲ್ಲಿ ಪುಳಿಯೋಗರೆ

ಐವತ್ಮೂರನೇ ವಯಸ್ಸಿನಲ್ಲಿ ನಾನು ನೂರೈವತ್ತು ಕಿಲೋಮೀಟರ್ ಸೈಕಲ್ ರೈಡಿಗೆ ಹೆಸರು ಕೊಟ್ಟೆ. ಮೈಸೂರಿನಿಂದ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ, ನಂಜನಗೂಡಿನ ಮೇಲೆ ವಾಪಸ್. ಹತ್ತು ಗಂಟೆಗಳ ಅವಧಿಯೊಳಗೆ ಮುಗಿಸಿದರೆ ಪದಕ. ಕುವೆಂಪುನಗರದ ಮನೆಯಿಂದ ಶಾಲೆಗೆ ಇಪ್ಪತ್ತು ವರ್ಷ ಸೈಕಲ್ಲಿನಲ್ಲೇ ಹೋಗಿ ಗಣಿತ ಕಲಿಸಿದವಳು. ಕಾಲಿನ ಬಗ್ಗೆ ಭಯವಿರಲಿಲ್ಲ. ಭಯವಿದ್ದದ್ದು ಹೊಟ್ಟೆಯ ಬಗ್ಗೆ.

ನಮ್ಮ ಭಾನುವಾರದ ಗುಂಪಿನ ಮುಂದಾಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಏನು ತಿನ್ನಬೇಕು, ಏನು ಕುಡಿಯಬೇಕು ಅಂತ ಎಲ್ಲರ ಫೋನಿಗೂ ಒಂದು ಪಟ್ಟಿ ಕಳಿಸಿದ್ದರು. ಶಕ್ತಿಗೆ ಅಂತ ನುಂಗುವ ಸಿಹಿ ಜೆಲ್ ಪ್ಯಾಕೆಟ್ಟು, ನೀರಿಗೆ ಹಾಕುವ ಲವಣದ ಮಾತ್ರೆ, ಚಾಕೊಲೇಟಿನಂಥ ಪ್ರೋಟೀನ್ ಬಾರು. ನಂಜನಗೂಡಿನವರೆಗಿನ ಅಭ್ಯಾಸದ ದಿನ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದೆ. ಎರಡನೇ ಜೆಲ್ ನುಂಗಿ ವಾಪಸ್ ಬರುವಾಗ ಕಡಕೊಳದ ಹತ್ತಿರ ರಸ್ತೆ ಪಕ್ಕ ಕೂತು ಎಲ್ಲಾ ಕಕ್ಕಿಬಿಟ್ಟೆ.

"ಅಭ್ಯಾಸ ಆಗುತ್ತೆ ಮೇಡಂ," ಅಂದರು ಮುಂದಾಳು, ನೀರಿನ ಬಾಟಲಿ ಕೊಟ್ಟು.

"ನನ್ನ ಹೊಟ್ಟೆಗೆ ಐವತ್ತು ವರ್ಷದಿಂದ ಬೇರೆ ಅಭ್ಯಾಸ ಆಗಿದೆ. ಅದನ್ನೇ ತರ್ತೀನಿ."

"ಏನು, ಅನ್ನ ಸಾರು ತರ್ತೀರಾ?"

ಸುತ್ತ ನಿಂತಿದ್ದವರೆಲ್ಲ ನಕ್ಕರು. ಆ ನಗುವನ್ನು ಮನೆಯವರೆಗೂ ಹೊತ್ತು ತಂದೆ.

ಮರುವಾರದಿಂದ ನನ್ನ ಪರೀಕ್ಷೆ ಶುರುವಾಯಿತು. ಮುಕ್ಕಾಲು ಗಂಟೆಗೊಮ್ಮೆ ತಿನ್ನುವುದು, ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಯುವುದು. ತಿಂದದ್ದು ಹೇಗೆ ಒಗ್ಗಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮುದ್ದೆ ತಿಂದು ಹೊರಟ ದಿನ ಏರಿನಲ್ಲಿ ಹೊಟ್ಟೆ ಕಲ್ಲಾಯಿತು, ಬಿಟ್ಟೆ. ಹುರಿಗಡಲೆ ಬೆಲ್ಲದ ಪುಡಿ ಗಂಟಲಲ್ಲೇ ನಿಂತು ಕೆಮ್ಮು ಹತ್ತಿತು. ಪುಳಿಯೋಗರೆಯನ್ನು ನಿಂಬೆಗಾತ್ರದ ಗಟ್ಟಿ ಉಂಡೆ ಕಟ್ಟಿ, ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದ ಚೀಲದಲ್ಲಿಟ್ಟು ಒಯ್ದೆ. ಒಂದು ಕೈಯಲ್ಲಿ ಬಿಚ್ಚಿ ಬಾಯಿಗೆ ಹಾಕಿಕೊಳ್ಳಬಹುದು. ಉಪ್ಪು, ಹುಳಿ, ಬೆಲ್ಲ ಮೂರೂ ಇದೆ. ಅದು ಗೆದ್ದಿತು. ಜೊತೆಗೆ ಏಲಕ್ಕಿ ಬಾಳೆಹಣ್ಣು, ಒಂದು ಬಾಟಲಿ ಉಪ್ಪು ಸಕ್ಕರೆ ನಿಂಬೆ ನೀರು, ಇನ್ನೊಂದರಲ್ಲಿ ಮಜ್ಜಿಗೆ.

"ಅಡುಗೆಮನೆ ಲ್ಯಾಬೋರೇಟರಿ ಆಗೋಯ್ತಲ್ಲೇ," ಅಂದರು ನಮ್ಮ ಯಜಮಾನರು. ಊಟಕ್ಕೆ ಬಂದ ನಾದಿನಿ, "ಅತ್ತಿಗೆ, ಈ ವಯಸ್ಸಲ್ಲಿ ಇದೆಲ್ಲ ಯಾರಿಗೆ ತೋರಿಸೋಕೆ?" ಅಂದಳು.

"ಯಾರಿಗೂ ಅಲ್ಲ ಕಣಮ್ಮ. ಇಷ್ಟು ವರ್ಷ ಎಲ್ಲರ ಪ್ರಯಾಣಕ್ಕೂ ಬುತ್ತಿ ಕಟ್ಟಿದ್ದೀನಿ. ಈ ಸಲ ನನಗೆ ಕಟ್ಕೋತಿದ್ದೀನಿ."

ರೈಡಿನ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಗುಂಡ್ಲುಪೇಟೆಯವರೆಗೆ ನೋಟ್‌ಬುಕ್ಕಿನಲ್ಲಿ ಬರೆದ ಹಾಗೇ ನಡೆಯಿತು. ತಪ್ಪು ನಡೆದದ್ದು ಮಜ್ಜಿಗೆಯಲ್ಲಿ. ಬಿಸಿಲಲ್ಲಿ ಅದನ್ನು ಪರೀಕ್ಷಿಸಿಯೇ ಇರಲಿಲ್ಲ. ಚಾಮರಾಜನಗರದ ದಾರಿಯಲ್ಲಿ ಅದು ಉಬ್ಬಿ, ಬಾಟಲಿಯ ಮುಚ್ಚಳ ಟಪ್ ಅಂತ ಹಾರಿ, ನನ್ನ ಮೊಣಕಾಲೆಲ್ಲ ಹುಳಿ ನಾತ. ಉಳಿದದ್ದು ಅರ್ಧ ಬಾಟಲಿ ನಿಂಬೆ ನೀರು. ಅದನ್ನು ಹನಿಹನಿಯಾಗಿ ಕುಡಿದು ಚಾಮರಾಜನಗರ ಮುಟ್ಟುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತ್ತು.

ಅಲ್ಲಿ ವ್ಯಾನಿಟ್ಟುಕೊಂಡು ಕಾಯುತ್ತಿದ್ದ ಸ್ವಯಂಸೇವಕ ನಾನು ಕುಂಟುವುದನ್ನು ನೋಡಿ ಹತ್ತಿರ ಬಂದ.

"ಸಾಕು ಬಿಡಿ ಅಮ್ಮ, ವ್ಯಾನ್ ಹತ್ತಿ. ಇಲ್ಲೀವರೆಗೆ ಬಂದಿದ್ದೇ ಹೆಚ್ಚು."

"ನನಗೆ ಹೆಚ್ಚಲ್ಲ," ಅಂದು ಎದುರಿನ ಸಣ್ಣ ಹೋಟೆಲಿಗೆ ಹೋದೆ. ಹೋಟೆಲಿನಾಕೆಯನ್ನು ಉಪ್ಪು, ಸಕ್ಕರೆ, ನಿಂಬೆಹಣ್ಣು ಕೇಳಿದೆ. ಬಾಟಲಿ ಎರಡನ್ನೂ ತೊಳೆದು ತುಂಬಿಕೊಂಡು, ಬೆಂಚಿನ ಮೇಲೆ ಕಾಲು ಚಾಚಿ ಕೂತು, ಮೂರು ಉಂಡೆಗಳನ್ನು ನಿಧಾನವಾಗಿ ತಿಂದೆ. ಹೊರಗೆ ಒಬ್ಬೊಬ್ಬರೇ ನನ್ನನ್ನು ದಾಟಿ ಹೋಗುತ್ತಿದ್ದರು. ಹೋಗಲಿ ಅಂತ ಪೂರಾ ಇಪ್ಪತ್ತು ನಿಮಿಷ ಕೂತೆ. ಎದ್ದಾಗ ಕಾಲು ನನ್ನ ಮಾತು ಕೇಳಿತು.

ಮೈಸೂರು ಮುಟ್ಟಿದಾಗ ನಾಲ್ಕು ಗಂಟೆ ಹನ್ನೊಂದು ನಿಮಿಷ. ರೈಡ್ ನಡೆಸುವವರು ಮೇಜು ಮಡಚುತ್ತಿದ್ದರು.

"ಹನ್ನೊಂದು ನಿಮಿಷ ತಡ ಆಯ್ತು ಮೇಡಂ. ಪದಕ ಕೊಡೋಕಾಗಲ್ಲ," ಅಂದರು ರಿಜಿಸ್ಟರ್ ಹಿಡಿದಿದ್ದವರು.

"ಪದಕ ಬೇಡ. ಸಮಯ ಬರ್ಕೊಳ್ಳಿ."

"ಅವಧಿ ಮೀರಿದವರದ್ದು ಬರೆಯಲ್ಲ."

"ಬರೀರಿ. ನೂರೈವತ್ತು ಕಿಲೋಮೀಟರ್ ತುಳಿದಿದ್ದೀನಿ. ಅದೇನು ಸುಳ್ಳಾ?"

ಅವರು ನನ್ನ ಮುಖ ನೋಡಿದರು, ಮುಚ್ಚಿದ್ದ ಪೆನ್ನನ್ನು ಬಿಚ್ಚಿದರು. ಬರೆದು ಮುಗಿಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಆ ಇಪ್ಪತ್ತು ನಿಮಿಷ ಕೂರದಿದ್ದರೆ ಪದಕ ಸಿಗುತ್ತಿತ್ತೋ, ವ್ಯಾನಿನಲ್ಲಿ ಬರುತ್ತಿದ್ದೆನೋ? ವ್ಯಾನೇ ಅಂತ ನನ್ನ ಲೆಕ್ಕ. ಬೇರೆಯವರ ಲೆಕ್ಕ ನಾನು ಕೇಳಿಲ್ಲ.

ಯಜಮಾನರು ಕಾರು ತಂದಿದ್ದರು, ಸೈಕಲ್ ಕಟ್ಟಲು ಹಗ್ಗವನ್ನೂ ತಂದಿದ್ದರು.

"ನೀವು ಮುಂದೆ ಹೋಗಿ ಸ್ನಾನಕ್ಕೆ ನೀರು ಕಾಯೋಕಿಡಿ," ಅಂದು ಮತ್ತೆ ಪೆಡಲಿನ ಮೇಲೆ ಕಾಲಿಟ್ಟೆ.