ಸದ್ದು ಮಾಡದೆ ನೋಡುವ ಆಟ

ಮೂರು ವರ್ಷ ತಂಗಿಯ ಜೊತೆ ಓಡಿದೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಅವಳ ಮಣಿಕಟ್ಟಿಗೂ ನನ್ನ ಮಣಿಕಟ್ಟಿಗೂ ನಡುವೆ ಒಂದು ಗೇಣು ಹಗ್ಗ. ಅವಳಿಗೆ ಹದಿನೇಳು ತುಂಬುವ ಹೊತ್ತಿಗೆ ಅವಳ ವೇಗ ನನ್ನನ್ನು ಮೀರಿತ್ತು. ದಿನವಿಡೀ ಪತ್ರಿಕೆಯ ಡೆಸ್ಕಿನಲ್ಲಿ ಕೂರುವ ನನಗೆ ಕೊನೆಯ ನೂರು ಮೀಟರಿಗೆ ಉಸಿರು ಸಾಲುತ್ತಿರಲಿಲ್ಲ. ನನಗಾಗಿ ಅವಳೇ ಓಟ ತಗ್ಗಿಸುತ್ತಿದ್ದಳು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಆಮೇಲೆ ಗೋಪನಕೊಪ್ಪದ ಒಂದು ಶಾಲೆಯ ಸಭಾಂಗಣದಲ್ಲಿ ಅವಳಿಗೆ ಗೋಲ್‌ಬಾಲ್ ಸಿಕ್ಕಿತು. ಎರಡೂ ಕಡೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ. ಒಳಗೆ ಗೆಜ್ಜೆಯಿರುವ ಚೆಂಡು ನೆಲದ ಮೇಲೆ ಉರುಳಿ ಬರುತ್ತದೆ. ಸದ್ದು ಹಿಡಿದು, ಮೈಚಾಚಿ ಬಿದ್ದು ತಡೆಯಬೇಕು. ಹಗ್ಗ ಬೇಡ, ಅಕ್ಕನೂ ಬೇಡ. ಎರಡು ತಿಂಗಳು ಮೊಣಕೈ ತರಚಿಕೊಂಡು ನಗುತ್ತ ಮನೆಗೆ ಬಂದಳು. ನಾನು ಮಾತ್ರ ಹಳೆಯ ಅಭ್ಯಾಸದಂತೆ ಬೆಳಗ್ಗೆ ಐದಕ್ಕೆ ಎದ್ದು, ಓಡಲು ಹೋಗದೆ, ಮನೆಯೊಳಗೇ ಸುತ್ತುತ್ತಿದ್ದೆ.

ತಂಡದ ಆಯ್ಕೆಯ ದಿನ ಬಂತು. ಬದಲಿಯವರೂ ಸೇರಿ ಆರು ಜನಕ್ಕಷ್ಟೇ ಜಾಗವಿತ್ತು. ಅಪ್ಪನೂ ಬಂದರು. ನಲವತ್ತು ವರ್ಷ ಧಾರವಾಡದ ಬೈಠಕ್‌ಗಳಲ್ಲಿ ಮೊದಲ ಸಾಲಿನಲ್ಲಿ ಕೂತು ಗಾಯನ ಕೇಳಿದವರು. ಚೆಂಡು ಉರುಳುವಾಗ ಯಾರೂ ಪಿಟ್ಟೆನ್ನಬಾರದೆಂದು ಕೋಚ್ ಎರಡು ಸಲ ಹೇಳಿದ್ದರು. ತಂಗಿ ಮೊದಲ ಚೆಂಡಿಗೇ ಅಡ್ಡ ಬಿದ್ದಳು. ಅದು ಅವಳ ಎದೆಗೆ ಬಡಿದು ಪುಟಿಯಿತು.

“ಭಲೇ!” ಅಂದುಬಿಟ್ಟರು ಅಪ್ಪ.

ಆ ಕೂಗಿನಲ್ಲಿ ಗೆಜ್ಜೆ ಮುಳುಗಿತು. ಅವಳ ಕೈ ಎಡಕ್ಕೆ ತಡಕಿತು. ಚೆಂಡು ಬಲಕ್ಕೆ ಉರುಳಿ ಗೋಲು ಸೇರಿತು.

“ಕಾಕಾ, ಇದು ಗಾಯನ ಅಲ್ರಿ,” ಅಂದರು ಕೋಚ್.

ತಂಗಿ ಎದ್ದು ಕೂತಳು. “ಅಪ್ಪಾ, ಹೊರಗ ನಡೀರಿ. ಅಕ್ಕಾ, ನೀನೂ.”

“ನಾ ಏನ್ ಮಾಡೇನಿ?”

“ನಿನ್ನ ಚಪ್ಪಲಿ ಕಿರ್ರ್ ಅಂತಾವ. ಒಂದ್ ಕಡಿ ನಿಂದ್ರೂದ ಗೊತ್ತಿಲ್ಲ ನಿನಗ.”

ಬಾಗಿಲು ಮುಚ್ಚಿತು. ಅಪ್ಪ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದರು. ನಾನು ಚಪ್ಪಲಿ ಕಳಚಿದೆ. ಆದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಗೆಜ್ಜೆ, ದೊಪ್ಪೆಂಬ ಸದ್ದು, ಮೌನ. ಮತ್ತೆ ಗೆಜ್ಜೆ. ಯಾರು ತಡೆದರು, ಯಾರು ಬಿಟ್ಟರು, ತಿಳಿಯಲಿಲ್ಲ. ಬರೀ ಕಿವಿಯಿಂದ ಆಟ ಹಿಡಿಯುವುದು ನಮ್ಮಿಬ್ಬರಿಗೂ ಆಗದ ಕೆಲಸ.

ತನ್ನ ಸರದಿ ಮುಗಿಸಿದ ತಂಗಿ ಗೋಡೆ ಹಿಡಿದು ಹೊರಬಂದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಪಿಸುಗುಟ್ಟಿದಳು, “ತಂಡದಾಗ ತೊಗೊಂಡ್ರು.”

ಅಪ್ಪ ಕರವಸ್ತ್ರ ತೆಗೆದರು. “ಈಗರ ಭಲೇ ಅನ್ಲೇನವಾ?”

“ಒಳಗ ಉಳದವ್ರು ಇನ್ನೂ ಆಡಾಕತ್ತಾರ. ಗೇಟಿನ ತನಕ ತಡೀರಿ.”

ಅವಳು ಮುಂದೆ, ಬಾಯಿ ಮುಚ್ಚಿದ ಅಪ್ಪ ನಡುವೆ, ಚಪ್ಪಲಿ ಕೈಯಲ್ಲಿ ಹಿಡಿದ ನಾನು ಹಿಂದೆ. ಅಂಗಳದ ಕಲ್ಲು ಬಿಸಿಲಿಗೆ ಸುಡುತ್ತಿತ್ತು. ಗೇಟು ದೂರವಿತ್ತು.